ಪೈಪಿನ ಸದ್ದು, ಗಾಡಿಯ ಎಳೆತ

ಹೌದಾ ಮಾರಾಯ್ರೆ, ಕಾಪುವಿನ ನಿಮ್ಮ ಸೋದರಳಿಯ ಕಾರ್ಕಳದ ತೋಟಕ್ಕೆ ಎಟಿವಿ, ಅದೇ ಎಂಥ ನೆಲದಲ್ಲೂ ಓಡುವ ಗಾಡಿ, ತಗೊಂಡದ್ದು ಒಳ್ಳೆಯದೇ ಆಯ್ತು. ಗುಡ್ಡೆ, ಕೆಸರು ಎಲ್ಲ ಹತ್ತಿ ಇಳೀತದೆ, ಗೊಬ್ಬರದ ಚೀಲವನ್ನೂ ಹೊರ್ತದೆ. ಆದ್ರೆ ಸೈಲೆನ್ಸರ್ ಕತ್ತರಿಸಿ ಓಪನ್ ಪೈಪ್ ಹಾಕಿಸ್ತೇನೆ ಅಂತಾನಲ್ಲ, ಅದೆಂತಕ್ಕೆ? ಪಿಕಪ್ ಹೆಚ್ಚಾಗ್ತದೆ ಅಂತ ಯಾರೋ ತಲೆಗೆ ತುಂಬಿಸಿರ್ಬೇಕು. ಸ್ವಲ್ಪ ಬೇಲಿ ಹತ್ರ ಬನ್ನಿ, ಇದು ಅವನಿಗೆ ಮುಟ್ಟಬೇಕಾದ ಮಾತು.

ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೊಮ್ಮೆ ಹೊಗೆ ಹೊರಗೆ ಹಾಕ್ತದೆ. ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ ಸೆಕೆಂಡಿಗೆ 25 ಸಲ. ಆ ಹೊಡೆತದ ಸದ್ದಿನ ಅಲೆಗಳು ಸೈಲೆನ್ಸರಿನೊಳಗಿನ ಕೋಣೆ, ತೂತಿನ ಕೊಳವೆಗಳಿಗೆ ಬಡಿದು ಹಿಂದೆ ಬರುವಾಗ ಒಂದನ್ನೊಂದು ಕೊಂದುಕೊಳ್ತವೆ. ಉಳಿದದ್ದನ್ನು ಕೆಲವು ಗಾಡಿಗಳಲ್ಲಿ ಗ್ಲಾಸ್ ವುಲ್ ಹೀರ್ತದೆ. ಸದ್ದು ತಗ್ಗುವುದು ಹಾಗೆ. ಪೈಪಿನ ಉದ್ದಗಲಕ್ಕೂ ಲೆಕ್ಕ ಉಂಟು. ಮುಂದೆ ಓಡಿದ ಹೊಗೆ ತನ್ನ ಹಿಂದಿನದ್ದನ್ನು ಎಳ್ಕೊಂಡು ಹೋಗ್ಬೇಕು. ಅಗಲದ ಗಿಡ್ಡ ಪೈಪ್ ಹಾಕಿದ್ರೆ ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ವೇಗ ತಗ್ಗಿ ಆ ಎಳೆತ ತಪ್ತದೆ. ಗುಡ್ಡೆ ಹತ್ತಲಿಕ್ಕೆ ನಿಮ್ಮವನಿಗೆ ಬೇಕಾದ್ದು ಅದೇ ಕಡಿಮೆ ಆರ್‌ಪಿಎಂನ ಶಕ್ತಿ! ಮೇಲಿಂದ ಕಾರ್ಬುರೇಟರ್ ಗಾಡಿಯಾದ್ರೆ ಜೆಟ್ಟಿಂಗ್, ಅಂದ್ರೆ ಪೆಟ್ರೋಲ್ ಬಿಡುವ ತೂತಿನ ಅಳತೆ, ಬದಲಿಸದೆ ಪೈಪ್ ಮಾತ್ರ ಬಿಚ್ಚಿದಾಗ ಪೆಟ್ರೋಲಿಗೆ ಗಾಳಿ ಹೆಚ್ಚಾಗಿ ಇಂಜಿನ್ ಬಿಸಿ ಏರ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಪಟಪಟ ಒಡೆಯುವುದುಂಟಲ್ಲ, ಅದು ಶಕ್ತಿಯಲ್ಲ. ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿನೊಳಗೆ ಹತ್ತಿಕೊಳ್ಳುವುದು.

ನಮ್ಮ ಮಣಿಪಾಲದ ಎಂಐಟಿ ಇಂಜಿನಿಯರಿಂಗ್ ಕಾಲೇಜಿನಲ್ಲೇ ಮಕ್ಕಳು ಎಟಿವಿ ಕಟ್ತಾರೆ, ಗೊತ್ತುಂಟಾ? ಬಾಹಾ ಅಂತ ಒಂದು ಸ್ಪರ್ಧೆ. ಅಮೆರಿಕದಲ್ಲಿ 1976ರಲ್ಲಿ ಶುರುವಾದದ್ದು, ನಮ್ಮ ದೇಶಕ್ಕೆ 2007ರಲ್ಲಿ ಬಂತು. ಬಹುಕಾಲ ಎಲ್ಲ ತಂಡಕ್ಕೂ ಒಂದೇ ಇಂಜಿನ್, ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ನಿನ 10 ಹಾರ್ಸ್‌ಪವರಿನದ್ದು. ಕೊಟ್ಟ ಇಂಜಿನ್ ಬಿಚ್ಚಿ ಕೈಯಾಡಿಸುವ ಹಾಗಿಲ್ಲ. ಪೈಪನ್ನು ಬೇರೆ ದಾರಿಯಲ್ಲಿ ತಿರುಗಿಸಬಹುದು, ಸೈಲೆನ್ಸರ್ ಮಾತ್ರ ಮೂಲದ್ದೇ ಇರಬೇಕು. ಹಾಗಾದ್ರೆ ಗೆಲ್ಲುವುದು ಹೇಗೆ? ತೂಕ ಇಳಿಸಿ, ಗಿಯರಿನ ಅನುಪಾತ ಲೆಕ್ಕಹಾಕಿ, ಸಸ್ಪೆನ್ಶನ್ ತಿದ್ದಿ. ಗಾಡಿಯ ವಿದ್ಯೆ ಅಂದ್ರೆ ಅದು ಮಾರಾಯ್ರೆ! ಆ ಹುಡುಗರ ಗ್ರೀಸ್ ಮೆತ್ತಿದ ಕೈ ನೋಡಿದ್ರೆ ನನಗೆ ಹೆಮ್ಮೆಯಾಗ್ತದೆ.

ತೋಟದ ಗಾಡಿ ರಸ್ತೆಗೆ ಬರುವುದಿಲ್ಲ, ಪೊಲೀಸ್ ಹಿಡಿಯುವುದಿಲ್ಲ ಅಂತ ಅವನ ಧೈರ್ಯ. ಸರಿ. ಆದ್ರೆ ಅದೇ ಕೈ ನಾಳೆ ಬುಲೆಟ್ ಬೈಕಿಗೆ ಹೋಗ್ತದೆ. ಪಂಜಾಬಿ, ಇಂದೋರಿ, ಶಾರ್ಟ್ ಬಾಟಲ್ ಅಂತ ಸದ್ದಿನ ಸೈಲೆನ್ಸರಿನಲ್ಲೇ ಎಷ್ಟು ಬಗೆ! ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಇಂಥ ಸೈಲೆನ್ಸರ್ ಹಾಕಿ ಓಡಿಸಿದ್ರೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಉಂಟು, ಲೈಸನ್ಸೂ ಮೂರು ತಿಂಗಳು ಹೋಗ್ತದೆ. ಕಿತ್ತ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ಪೇಪರಿನಲ್ಲಿ ನೀವೂ ನೋಡಿದ್ದೀರಿ. ನನ್ನ ಸಿಟ್ಟು ದಂಡದ್ದಲ್ಲ. ಮಣಿಪಾಲದ ಟೈಗರ್ ಸರ್ಕಲಿನ ಹತ್ರವೇ ಕಸ್ತೂರ್ಬಾ ಆಸ್ಪತ್ರೆ. ನಿಶ್ಶಬ್ದ ವಲಯ ಅಂತ ಸಾರಿದ್ರೆ ಆಸ್ಪತ್ರೆಯ 100 ಮೀಟರ್ ಸುತ್ತ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 40 ಡೆಸಿಬಲ್ ಮೀರಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳ್ತದೆ. ಎಲ್ಲೆಲ್ಲಿಂದಲೋ ಬಂದು ಮಲಗಿದ ರೋಗಿಗಳು ಅಲ್ಲಿದ್ದಾರೆ. ಆಪರೇಶನ್ ಆಗಿ ಈಗಷ್ಟೇ ಕಣ್ಣು ಮುಚ್ಚಿದವನನ್ನು ಒಂದು ಪೈಪ್ ಎಬ್ಬಿಸಿಬಿಡ್ತದೆ. ನನಗೆ ಅದನ್ನು ಸಹಿಸ್ಲಿಕ್ಕಾಗುವುದಿಲ್ಲ.

ತೋಟದಲ್ಲೂ ಒಂದು ಭಯ ಉಂಟು. ಎಷ್ಟೋ ಎಟಿವಿಗಳ ಸೈಲೆನ್ಸರಿನ ತುದಿಯಲ್ಲಿ ಕಿಡಿ ತಡೆಯುವ ಸಣ್ಣ ತಂತಿ ಜಾಲರಿ ಇರ್ತದೆ. ಓಪನ್ ಮಾಡುವವರು ಮೊದಲು ಕಿತ್ತು ಬಿಸಾಡುವುದು ಅದನ್ನೇ. ಮಾರ್ಚ್, ಎಪ್ರಿಲಿನಲ್ಲಿ ಗುಡ್ಡೆಯ ಮುಳಿಹುಲ್ಲು ಹೇಗೆ ಒಣಗಿರ್ತದೆ! ಒಂದು ಕಿಡಿ ಸಾಕು, ಗೇರುತೋಟ ಉರಿದು ಕುದುರೆಮುಖದ ಕಾಡಿನ ಕಡೆಗೂ ಬೆಂಕಿ ಹತ್ತೀತು.

ಗಾಡಿಯ ಸದ್ದು ಈಗಲೇ ಒಡೆದ ಹಾಗೆ ಕೇಳ್ತದೆ ಅಂದ್ರಲ್ಲ, ಅದು ತುಕ್ಕು ಇರಬಹುದು. ಗಾಡಿಯನ್ನು ಕಾಪುವಿನ ಮನೆಯಲ್ಲಿ ನಿಲ್ಲಿಸಿದ್ದಿದ್ರೆ ಅಲ್ಲಿನ ಉಪ್ಪುಗಾಳಿ ಹೊರಗಿನಿಂದ ತಿಂತದೆ. ಗಾಡಿಯನ್ನು ಸ್ವಲ್ಪವೇ ದೂರ ಓಡಿಸಿ ನಿಲ್ಲಿಸಿದ್ರೆ ಒಳಗಿನ ನೀರು ಆರದೆ ಅದೂ ತಿಂತದೆ. ತೂತಿದ್ರೆ ವೆಲ್ಡ್ ಮಾಡಿಸಲಿ, ಬೆಂಡ್ ಪೈಪಿನ ಗ್ಯಾಸ್ಕೆಟ್ ಬದಲಿಸಲಿ. ಎಳೆತ ಕಡಿಮೆ ಅನ್ನಿಸಿದ್ರೆ ಆ ಜಾಲರಿಯನ್ನೇ ನೋಡ್ಬೇಕು, ಮಸಿ ಕಟ್ಟಿದ್ರೆ ಗಾಡಿ ಉಸಿರು ಕಟ್ತದೆ. ಭಾನುವಾರ ಕರ್ಕೊಂಡು ಬನ್ನಿ ಅವನನ್ನು, ಆ ಸೈಲೆನ್ಸರ್ ಬಿಚ್ಚಿ ತರಲಿ. ವೈರ್ ಬ್ರಶ್ ನನ್ನಲ್ಲಿ ಉಂಟು, ಇಬ್ಬರೂ ಕೂತು ಉಜ್ಜುವ.