ಗೌಂಡಿಯೂ ನೀರಿನ ದಾರಿಯೂ

ಮನೆ ಕಟ್ಟಿಸುವವನನ್ನು ಜನ ಕೇಳುವುದು ಮೂರೇ ಮಾತು: ಎಷ್ಟು ಬೆಡ್‌ರೂಮು, ಬಾಗಿಲು ಯಾವ ದಿಕ್ಕಿಗೆ, ಚದರಕ್ಕೆ ಎಷ್ಟು ಬಿತ್ತು. ಮಣ್ಣು ಯಾವುದು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಗೃಹಪ್ರವೇಶಕ್ಕೆ ಬಂದವರು ಟೈಲ್ಸ್ ಮೇಲೆ ಕಾಲಾಡಿಸುತ್ತಾರೆ, ಅಡಿಗೆಮನೆಯ ಕಪಾಟು ತೆಗೆದು ಮುಚ್ಚುತ್ತಾರೆ, ಗೋಡೆಗೆ ಎರಡು ಸಲ ತಟ್ಟಿ ‘ಗಟ್ಟಿಮುಟ್ಟಾಗಿ ಆಗೇದ’ ಎಂದು ಹೋಳಿಗೆ ಊಟಕ್ಕೆ ಕೂರುತ್ತಾರೆ. ಪಾಯ ಹೇಗಿದೆ ಎಂದವರಿಲ್ಲ. ಕೇಳಿದರೂ ಅಷ್ಟೊತ್ತಿಗೆ ಅದು ಮಣ್ಣು ಸೇರಿರುತ್ತದೆ.

ನಾವು ಹುಬ್ಬಳ್ಳಿಯ ಹೊರಗೆ ಹಿಡಿದದ್ದು ಎನ್‌ಎ ಆದ ಹೊಲದಲ್ಲಿ ಒಂದು ಪ್ಲಾಟು. ಎನ್‌ಎ ಆಯಿತೆಂದರೆ ಸರಕಾರಿ ಕಾಗದದ ಪ್ರಕಾರ ಅದು ಒಕ್ಕಲುತನ ಬಿಟ್ಟ ಭೂಮಿ. ಆದರೆ ಆ ಕಾಗದವನ್ನು ಭೂಮಿಗೆ ಯಾರೂ ಓದಿ ಹೇಳಿರಲಿಲ್ಲ. ಹತ್ತಿ, ಕಡಲೆ ಬೆಳೆದ ಅಪ್ಪಟ ಎರಿ ನೆಲ ಅದು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಾಯಿ ಬಿಡುವ ತನ್ನ ರೂಢಿಯನ್ನು ಅದು ಎಂದಿನಂತೆ ನಡೆಸಿಕೊಂಡು ಹೊರಟಿತ್ತು. ಮೇ ತಿಂಗಳಲ್ಲಿ ಹೋಗಿ ನೋಡಿದರೆ ಅಂಗೈ ಇಳಿಯುವಷ್ಟು ಬಿರುಕುಗಳು. ನನ್ನ ಹೆಂಡತಿಯ ಸ್ಕೂಟರಿನ ಕೀಲಿ ಕೈಜಾರಿ ಅಂಥದೊಂದರೊಳಗೆ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಅದನ್ನು ಯಾರೂ ನೋಡಲಿಲ್ಲ.

ಪ್ಲಾಟು ಕೊಂಡ ಸುದ್ದಿ ಗೌಂಡಿಗಳಿಗೆ ಹೇಗೆ ಮುಟ್ಟುತ್ತದೋ ಆ ದೇವರಿಗೇ ಗೊತ್ತು. ಮೊದಲು ಬಂದವರು ನಡುಹರೆಯದವರು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಫೋನು. ಪ್ಲಾಟಿನ ನಡುವೆ ನಿಂತು ಸುತ್ತ ಒಂದು ಕೈ ಬೀಸಿ, “ಚಿಂತೀನ ಮಾಡಬ್ಯಾಡ್ರಿ ಸರ್ರ, ಕೀಲಿ ನಿಮ್ಮ ಕೈಯಾಗ ಕೊಡೂತನಕ ನಾ ಇರ್ತೀನಿ” ಎಂದರು. ಕೀಲಿ ಕೊಟ್ಟ ಮೇಲಿನ ಕಥೆ ಏನು ಎಂದು ಕೇಳಬೇಕೆನ್ನಿಸಿತು. ಸೌಜನ್ಯ ಅಡ್ಡ ಬಂತು. ಅವರ ಫೋನಿನ ತುಂಬ ತಾವು ಕಟ್ಟಿದ ಮನೆಗಳ ಫೋಟೊ. ಸಿಂಹದ ಮುಖ ಹೊತ್ತ ಕಂಬಗಳು, ನೀಲಿ ಲೈಟು ಬಿಟ್ಟ ಪಿಒಪಿ ಚಾವಣಿ, ಟ್ರೇ ಹಿಡಿದು ನಿಂತ ಮಾಲೀಕರು. ಬೆರಳಾಡಿಸಿ ಬೆರಳಾಡಿಸಿ ಸುಸ್ತಾಗಿ ನಾನು, “ಪಾಯದ್ದ ಒಂದೂ ಫೋಟೊ ಇಲ್ಲಲ್ರಿ?” ಎಂದೆ. “ಪಾಯದ್ದ ಯಾರ ತಗೀತಾರ್ರಿ?” ಎಂದು ಅವರು ನಿಜಕ್ಕೂ ಬೆರಗಾದರು. ಅವರದ್ದೇನೂ ತಪ್ಪಿಲ್ಲ ಬಿಡಿ. ನಾವೂ ಮದುವೆ ಆಲ್ಬಮ್ಮಿನಲ್ಲಿ ಸಾಲದ ಪತ್ರ ಅಂಟಿಸುವುದಿಲ್ಲ.

ಎರಡನೆಯವರು ಗದಗಿನ ಕಡೆಯ ಹಿರಿಯರು. ಧೋತರ, ತಲೆಗೆ ಟೊಪಿಗೆ, ಹೆಗಲ ಚೀಲದಲ್ಲಿ ತೂಗುಗುಂಡು. ಬಂದವರು ನಮ್ಮ ಪ್ಲಾಟಿನ ಕಡೆ ಕಣ್ಣೆತ್ತಿಯೂ ನೋಡದೆ ಸೀದಾ ಪಕ್ಕದ ಮನೆಯತ್ತ ನಡೆದರು. ವಿಳಾಸ ತಪ್ಪಿದ್ದಾರೆಂದು ನಾನು ಕೂಗಿದೆ. ಅವರು ಹಿಂದಿರುಗಿ ನೋಡಲಿಲ್ಲ. ಪಕ್ಕದವರ ಕಿಟಕಿಯ ಮೂಲೆಯಿಂದ ಒಂದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು. ಅದರೊಳಗೆ ಕಿರುಬೆರಳಿನ ಉಗುರು ಹಾಕಿ ಮೇಲಿನಿಂದ ಕೆಳಗಿನ ತನಕ ಎಳೆದರು. ಮೇಲೆ ಅಗಲ, ಕೆಳಗೆ ಸಣ್ಣ. ಹಿತ್ತಲಿಗೆ ಬಗ್ಗಿ ನೋಡಿ, “ಇವರ ಬಚ್ಚಲ ನೀರ ಎಲ್ಲಿ ಹೋಗತೈತ್ರಿ?” ಎಂದರು.

“ಬಾಳಿ ಗಿಡಕ್ಕ ಬಿಟ್ಟಾರ್ರಿ, ಆ ಗ್ವಾಡಿ ಬುಡಕ್ಕ.”

“ಹಂಗಾರ ಗ್ವಾಡಿಗೂ ಕುಡಿಸ್ಯಾರ,” ಎಂದು ಆ ಮನೆಯ ಪ್ರಕರಣವನ್ನು ಅಲ್ಲಿಗೇ ಮುಗಿಸಿದರು.

ಎರಿ ಮಣ್ಣಿನ ಮರ್ಮ ಅಷ್ಟೇ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಪದರ ಪದರದ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮನೆಯಡಿಯ ಮಣ್ಣೆಲ್ಲ ಒಂದೇ ಸಮ ಉಬ್ಬಿ ಒಂದೇ ಸಮ ಇಳಿದರೆ ಗೋಡೆಯ ತಕರಾರೇನಿಲ್ಲ. ಮನೆ ಉಸಿರಾಡಿತು ಅಂದುಕೊಳ್ಳಬಹುದು. ಬಾಳೆಯ ಕಡೆ ತೋಯ್ದು, ಬಿಸಿಲಿನ ಕಡೆ ಒಣಗಿ, ಒಂದು ಮೂಲೆ ಏಳುತ್ತಿರುವಾಗ ಇನ್ನೊಂದು ಇಳಿದರೆ ನಡುವಿನ ಗೋಡೆ ಯಾರ ಮಾತು ಕೇಳಬೇಕು?

ಹಳಬರು ಎರಿ ತೆಗೆದು ಗಟ್ಟಿ ನೆಲ ಹತ್ತುವ ತನಕ ಅಗೆದು ಗರಸು ತುಂಬುತ್ತಿದ್ದರು. ನಮ್ಮ ಪ್ಲಾಟಿನಲ್ಲಿ ಅಗೆದಷ್ಟೂ ಕಪ್ಪೇ. ಹಿರಿಯರು ಒಂದು ಹೆಂಟೆ ಒಡೆದು, ಹಸಿ ಭಾಗವನ್ನು ಹೆಬ್ಬೆಟ್ಟಿನಿಂದ ಉಜ್ಜಿ ಸಾಬೂನಿನಂತೆ ಹೊಳೆಯುವುದನ್ನು ತೋರಿಸಿ, “ಇದು ಸುಮ್ಮನ ಕೂಡೂ ಮಣ್ಣಲ್ರಿ. ಎಂಜಿನಿಯರಗ ತೋರಸ್ರಿ” ಎಂದರು. ತಮಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರಿಗೆ ತೋರಿಸಿ ಎನ್ನುವ ಗೌಂಡಿಯನ್ನು ನಾನು ಅದೇ ಮೊದಲು ಕಂಡದ್ದು. ಮನಸ್ಸಿನಲ್ಲೇ ಅವರಿಗೆ ವೀಳ್ಯ ಕೊಟ್ಟುಬಿಟ್ಟೆ. ರೇಟು ಕೇಳುವುದಕ್ಕೆ ಮೊದಲೇ ವೀಳ್ಯ ಕೊಡಬಾರದು ಎಂಬುದು ನನ್ನ ಹೆಂಡತಿಯ ವಾದ.

ಸ್ನೇಹಿತರ ಮಗ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಅವನು ಮಣ್ಣು ಒಯ್ದು ಪರೀಕ್ಷೆ ಮಾಡುವಾಗ ನನ್ನನ್ನೂ ಕರೆದ. ಇಷ್ಟು ಸರಳವಾದ, ಇಷ್ಟು ಮಾನ ಕಳೆಯುವ ಪರೀಕ್ಷೆ ಇನ್ನೊಂದಿರಲಿಕ್ಕಿಲ್ಲ. ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಜಾಡಿಗೆ ಹಾಕುವುದು. 100 ಮಿಲಿ ಗೆರೆಯ ತನಕ ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ತಾಸು ಬಿಡುವುದು. ಸೀಮೆಎಣ್ಣೆಯನ್ನು ಆ ಜೇಡಿ ಮೂಸಿಯೂ ನೋಡುವುದಿಲ್ಲವಾದ್ದರಿಂದ ಅಲ್ಲಿ ಅದು ತನ್ನ ಅಸಲು ಗಾತ್ರದಲ್ಲೇ ಇರುತ್ತದೆ. ನೀರಿನಲ್ಲಿದ್ದದ್ದು ಅದರ ಇಮ್ಮಡಿಗೆ ಬಂದರೆ ಉಬ್ಬರ ನೂರು ಪರ್ಸೆಂಟು. ನಮ್ಮದು ಇಮ್ಮಡಿಯ ಗೆರೆ ದಾಟಿತ್ತು. ಹುಡುಗ ಹೆಮ್ಮೆಯಿಂದ, “ಭಾಳ ಚಲೋ ಸ್ಯಾಂಪಲ್ ಅಂಕಲ್, ಹುಡುಗರಿಗೆ ತೋರಸಾಕ ಇಟಗೋತೀನಿ” ಎಂದ. ಈ ಸಾಹಸದಲ್ಲಿ ಕಷ್ಟವಾದದ್ದು ಒಂದೇ, ಸೀಮೆಎಣ್ಣೆ ಹುಡುಕುವುದು. ರೇಷನ್ ಅಂಗಡಿಯವರು ನನ್ನನ್ನು ಯಾವುದೋ ಹಳೆಯ ಕಾಲದಿಂದ ಎದ್ದು ಬಂದವನಂತೆ ನೋಡಿದರು.

ಅಂಡರ್ ರೀಮ್ಡ್ ಪೈಲು ಹಾಕುವುದೆಂದಾಯಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಇಂಥ ನೆಲಕ್ಕೆಂದೇ ಪಳಗಿಸಿ ಕೊಟ್ಟ ವಿಧಾನವಿದು. ಐಎಸ್ 2911ರ ಮೂರನೆಯ ಭಾಗದಲ್ಲಿ ಇದಕ್ಕೆ ನಿಯಮಾವಳಿಯೂ ಇದೆ. ಮಳೆ ಬಿಸಿಲಿನ ಗದ್ದಲ ಮುಟ್ಟದ ಆಳಕ್ಕೆ, ಸುಮಾರು ಮೂರೂವರೆ ಮೀಟರ್ ಕೆಳಕ್ಕೆ ರಂಧ್ರ ಇಳಿಸಿ, ತಳದಲ್ಲಿ ಅದನ್ನು ಅಗಲ ಮಾಡಿ ಕಾಂಕ್ರೀಟು ತುಂಬುತ್ತಾರೆ. ತಳದ ಆ ಉಬ್ಬು ಪೈಲಿನ ದಪ್ಪದ ಎರಡೂವರೆ ಪಟ್ಟು ಅಗಲ. ಮೇಲಿನ ಮಣ್ಣು ಎಷ್ಟೇ ಏಳಲಿ, ಬುಡ ಬಿಟ್ಟು ಬರುವುದಿಲ್ಲ. ನಾನು ಇದನ್ನೆಲ್ಲ ನಕ್ಷೆ ಬಿಡಿಸಿ ವಿವರಿಸಿದರೆ ಹಿರಿಯರು, “ಅಂದ್ರ ಉಳ್ಳಾಗಡ್ಡಿ ನೆಲದಾಗ ಇಟ್ಟಂಗ” ಎಂದು ನನ್ನ ಅರ್ಧ ತಾಸಿನ ಪಾಠವನ್ನು ಒಂದು ಸಾಲಿಗೆ ಇಳಿಸಿದರು. ಪೈಲುಗಳ ಮೇಲೆ ಹಾಯುವ ಬೀಮು ನೆಲಕ್ಕೆ ತಾಗದಂತೆ ಅಡಿಯಲ್ಲಿ ಸಂದು ಬಿಡಬೇಕೆಂಬುದು ಮಾತ್ರ ಅವರಿಗೆ ಮೊದಲು ಒಪ್ಪಿಗೆಯಾಗಲಿಲ್ಲ. ಜೀವಮಾನವಿಡೀ ಸಂದು ಮುಚ್ಚುತ್ತ ಬಂದವರಿಗೆ ಬೇಕೆಂದೇ ಸಂದು ಬಿಡುವುದು ಅಪಚಾರ. ಮಣ್ಣಿಗೆ ಏಳಲು ಜಾಗ ಬೇಕಲ್ಲ ಎಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಖರೆ ಐತಿ” ಎಂದರು.

ಕರಾರಿನ ಕಾಗದವನ್ನು ನನ್ನ ಹೆಂಡತಿ ಬರೆದಳು. ಪಾಯಕ್ಕೆ ಇಷ್ಟು, ಪ್ಲಿಂತಿಗೆ ಇಷ್ಟು, ಲಿಂಟಲ್ಲಿಗೆ, ಸ್ಲ್ಯಾಬಿಗೆ ಇಷ್ಟಿಷ್ಟು ಎಂದು ಕೆಲಸ ಏರಿದಂತೆ ಹಣ ಏರಬೇಕು. ಹಣ ಮುಂದೆ, ಕೆಲಸ ಹಿಂದೆ ಆಗಬಾರದು. ಮುಂಗಡ ಜಾಸ್ತಿಯಾದರೆ ಗೌಂಡಿಯ ಫೋನಿಗೆ ‘ವ್ಯಾಪ್ತಿ ಪ್ರದೇಶದಿಂದ ಹೊರಗೆ’ ಹೋಗುವ ರೋಗ ಬರುತ್ತದೆಂದು ಬಡಾವಣೆಯಲ್ಲಿ ಪ್ರತೀತಿ. ನಮ್ಮ ಹಿರಿಯರದ್ದು ಒಂದೇ ಷರತ್ತು: ಶನಿವಾರದ ಬಟವಾಡೆ ತಪ್ಪಬಾರದು. ಆಳುಗಳು ಸಂತೆ ಮಾಡಬೇಕು, ಅಂದು ಸಂಜೆ ಅವರ ಎದುರಿಗೆ ತಾನು ನಿಲ್ಲಬೇಕು. ಚೌಕಾಸಿಯ ಕಲೆಯಲ್ಲಿ ಎರಡು ಜಿಲ್ಲೆಗೆ ಹೆಸರಾದ ನನ್ನ ಹೆಂಡತಿ ಆ ಷರತ್ತಿನಲ್ಲಿ ಒಂದಕ್ಷರ ಕಡಿಸಲಿಲ್ಲ. ಅವಳ ಹಿಡಿತ ಸಡಿಲಾಗದೆ ಉಳಿದದ್ದು ಬೇವಿನ ಗಿಡದ ವಿಷಯದಲ್ಲಿ. ಮಲಗುವ ಕೋಣೆಯ ಕಿಟಕಿಗೆ ಹತ್ತಿರ ಬೇವು ಬೇಕೆಂದು ಅವಳು, ಬೇರು ಮನೆಯಡಿಯ ತೇವ ಹೀರಿದರೆ ಆ ಮೂಲೆಯೊಂದೇ ಕುಸಿದೀತೆಂದು ಅವರು. ಕೊನೆಗೆ ಬೇವು ಗೇಟಿನ ಆಚೆ, ಬೀದಿಯ ಅಂಚಿಗೆ ಹೋಯಿತು. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಒಂದು ಸಿಮೆಂಟಿನ ಪಟ್ಟಿ ಬಂತು. ಬಚ್ಚಲ ನೀರು ಪೈಪು ಹಿಡಿದು ಗಟಾರ ಸೇರಿತು.

ನನ್ನ ತಂಗಿಯನ್ನು ಕೊಟ್ಟದ್ದು ಮಡಿಕೇರಿಗೆ. ಭಾವನವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಊರ ಹೊರಗಿನ ಇಳಿಜಾರಿನಲ್ಲಿದ್ದ ತಮ್ಮ ಜಾಗದಲ್ಲಿ ಮನೆ ಎತ್ತುವ ಮನಸ್ಸು ಮಾಡಿದರು. ನಮ್ಮ ಕಡೆ ಮಣ್ಣು ಮೇಲೆ ಕೆಳಗೆ ಆಡಿದರೆ ಅಲ್ಲಿ ಮಣ್ಣು ಪ್ರಯಾಣಕ್ಕೇ ಹೊರಡುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದು ಬಂದದ್ದನ್ನು ನಾಡೆಲ್ಲ ನೋಡಿತು. ಮಳೆ ಸುರಿದದ್ದು ನಿಜ. ಆದರೆ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಎಂದು ಇಳಿಜಾರನ್ನು ಕಡಿದದ್ದು, ನೀರಿನ ಸಹಜ ಹರಿವಿಗೆ ಅಡ್ಡ ಹಾಕಿದ್ದು ಕೂಡ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಹೇಳಿದರು.

ಭಾವನವರ ಜಾಗಕ್ಕೂ ಚಳಿಗಾಲದ ಹಿತವಾದ ಬಿಸಿಲಿನಲ್ಲಿ ಮೇಸ್ತ್ರಿಗಳು ಬಂದರು. ಒಬ್ಬರು ಮೈಸೂರು ಕಡೆಯವರು. “ನಮ್ಮಜ್ಜ ಕನ್ನಂಬಾಡಿ ಕಟ್ಟೆ ಕಟ್ಟಿದವ್ರು ಸಾರ್” ಎಂದು ಶುರು ಮಾಡಿದರು. ಈ ಮಾತನ್ನು ನಾನು ಎಷ್ಟು ಮೇಸ್ತ್ರಿಗಳ ಬಾಯಲ್ಲಿ ಕೇಳಿದ್ದೇನೆಂದರೆ, 1911ರಲ್ಲಿ ಶುರುವಾದ ಆ ಕೆಲಸಕ್ಕೆ ಇಡೀ ಮೈಸೂರು ಸಂಸ್ಥಾನವೇ ಕರಣೆ ಹಿಡಿದು ಹೋಗಿದ್ದಿರಬೇಕು. ಆ ಅಜ್ಜಂದಿರು ಸುಣ್ಣ, ಸುರ್ಕಿಯ ಗಾರೆಯಲ್ಲಿ ಕಟ್ಟಿದರು. ಮೊಮ್ಮಗ ಸೂಚಿಸಿದ್ದು ಜೆಸಿಬಿ. ಎರಡು ದಿನ ಜೆಸಿಬಿ ಬಿಟ್ಟರೆ ಮೈದಾನ, ಕಡಿದ ಮಣ್ಣನ್ನು ಮುಂದಕ್ಕೆ ದಬ್ಬಿದರೆ ಅಂಗಳ, ವ್ಯೂ ಬೇರೆ. ಹಾಗೆ ಮಾಡಿದರೆ ಅರ್ಧ ಮನೆ ಹಳೆಯ ನೆಲದ ಮೇಲೆ, ಅರ್ಧ ಮನೆ ನಿನ್ನೆ ಮೊನ್ನೆ ಸುರಿದ ಮಣ್ಣಿನ ಮೇಲೆ ಕೂತು, ಅದು ತಗ್ಗಿದಾಗ ಮನೆ ನಡುವೆ ಹರಿಯುತ್ತದೆ. ಹಿಂದೆ ನೆಟ್ಟಗೆ ಕಡಿದ ಗುಡ್ಡದ ಗತಿ ಬೇರೆಯೇ.

ಸುಳ್ಯದ ಕಡೆಯ ಒಬ್ಬ ಮೇಸ್ತ್ರಿ ಮಾತ್ರ ಜಾಗ ನೋಡಲು ಬರಲೇ ಇಲ್ಲ. ಫೋನು ಮಾಡಿದರೆ, “ಮಳೆ ಹಿಡೀಲಿ ಮಾರಾಯ್ರೆ, ಆಗ ಬರ್ತೇನೆ. ಈಗ ನೋಡಿದ್ರೆ ಎಲ್ಲ ಗುಡ್ಡವೂ ಒಂದೇ” ಎಂದರಂತೆ. ಸೋಮಾರಿ ಎಂದು ಭಾವನವರು ತೀರ್ಮಾನಿಸಿದ್ದರು. ಜುಲೈ ತಿಂಗಳ ಒಂದು ಸುರಿಮಳೆಯಲ್ಲಿ ಆತ ಕೊಡೆ ಹಿಡಿದು, ಪ್ಯಾಂಟು ಮಡಚಿ, ಇಂಬಳಗಳನ್ನು ಕಾಲಿನಿಂದ ಕಿತ್ತೆಸೆಯುತ್ತ ಬಂದು ನಿಂತರು. ನಾನೂ ಆಗ ಅಲ್ಲಿದ್ದೆ. ಮೇಲಿನ ಕಾಫಿ ತೋಟದಿಂದ ನೀರು ಎಲ್ಲೆಲ್ಲಿ ಇಳಿಯುತ್ತದೆ, ಎಲ್ಲಿ ನೆಲದೊಳಗೆ ಹೊಕ್ಕು ಕೆಳಗೆ ಇನ್ನೆಲ್ಲಿ ಒಸರಾಗಿ ಎದ್ದು ಬರುತ್ತದೆ ಎಂದು ಒಂದು ಕೋಲಿನಿಂದ ಗುರುತು ಮಾಡುತ್ತ ಹೋದರು. ಭಾವನವರು ದೇವರಮನೆಗೆಂದು ಆರಿಸಿದ್ದ ಜಾಗದಲ್ಲಿ ಒಂದು ಒಸರು ಸೊಗಸಾಗಿ ಉಕ್ಕುತ್ತಿತ್ತು. “ಗಂಗೆ ಇಲ್ಲೇ ಬಂದಿದ್ದಾಳಲ್ಲ” ಎಂದು ನನ್ನ ತಂಗಿ ಹೇಳಿದ್ದಕ್ಕೆ ಯಾರೂ ನಗಲಿಲ್ಲ.

ಆತ ಹೇಳಿದ್ದು ಇಷ್ಟು. ಗುಡ್ಡವನ್ನು ಒಂದೇ ಎತ್ತರಕ್ಕೆ ಕಡಿಯುವುದು ಬೇಡ. ಮನೆಯೇ ಎರಡು ಮಟ್ಟದಲ್ಲಿ ಇಳಿಯಲಿ. ತಡೆಗೋಡೆ ಆಳೆತ್ತರ ಮೀರುವುದಾದರೆ ಎಂಜಿನಿಯರ್ ಲೆಕ್ಕ ಹಾಕಿಕೊಡದೆ ತಾನು ಕಲ್ಲು ಮುಟ್ಟುವುದಿಲ್ಲ. ಗೋಡೆಯ ಹಿಂದೆ ಜಲ್ಲಿ ತುಂಬಬೇಕು, ಗೋಡೆಯಲ್ಲಿ ಸಾಲಾಗಿ ಹೊರಕ್ಕೆ ವಾಲಿದ ಪೈಪು ಇಡಬೇಕು. ನಾನು ಲೆಕ್ಕದ ಮೇಷ್ಟ್ರಾಗಿದ್ದವನು, ಸುಮ್ಮನಿರಲಾಗದೆ ಅಲ್ಲೇ ಮನಸ್ಸಿನಲ್ಲಿ ಗುಣಿಸಿದೆ: ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಬೀಳುವ ಒತ್ತಡ ಸುಮಾರು ನಾಲ್ಕೂವರೆ ಟನ್ನು, ಮಣ್ಣಿನದ್ದು ಬೇರೆ. ಆ ಪೈಪುಗಳು ಕೆಲಸ ಮಾಡಿದರೆ ನೀರಿನ ಪಾಲು ಹೆಚ್ಚುಕಡಿಮೆ ಇಳಿದೇ ಹೋಗುತ್ತದೆ. ದಾರಿಯುದ್ದಕ್ಕೂ ಎಷ್ಟೋ ಮನೆಗಳ ತಡೆಗೋಡೆಗಳಲ್ಲಿ ಅಂಥ ತೂತುಗಳನ್ನು ಅಂದ ಕೆಟ್ಟಿತೆಂದು ಗಿಲಾವು ಮಾಡಿ ಮುಚ್ಚಿ, ಮೇಲೆ ನವಿಲಿನ ಚಿತ್ರ ಬಿಡಿಸಿದ್ದನ್ನು ನಾನೇ ನೋಡಿದ್ದೇನೆ.

ಕಲ್ಲು ಕಟ್ಟುವಾಗ ಆತನನ್ನು ನೋಡಬೇಕಿತ್ತು. ಸೈಜುಗಲ್ಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ, ಅಗಲ ಮೈ ಕೆಳಗೆ ಬರುವಂತೆ ಕೂರಿಸಿ, ಅಲ್ಲಾಡಿಸಿ, ತೃಪ್ತಿಯಾಗದಿದ್ದರೆ ತೆಗೆದು ಬದಿಗಿಡುತ್ತಿದ್ದರು. ನಡುನಡುವೆ ಗೋಡೆಯ ಒಳಮೈಯಿಂದ ಹೊರಮೈತನಕ ಹಾಯುವ ಉದ್ದ ಕಲ್ಲು ಬೀಳಲೇಬೇಕು. ಇಲ್ಲದಿದ್ದರೆ ಎರಡೂ ಮೈ ಬೇರೆ ಬೇರೆಯಾಗಿ ನಿಂತು ನಡುವೆ ಚೂರುಗಲ್ಲು ತುಂಬಿದ ಗೋಡೆಯಾಗುತ್ತದೆ. ಹೊಟ್ಟೆ ಬಿಡಲು ಒಂದು ಮಳೆಗಾಲ ಸಾಕು. ಭಾವನವರು ದಿನಕ್ಕೆ ಎಷ್ಟು ಅಡಿ ಎದ್ದಿತೆಂದು ಟೇಪು ಹಿಡಿಯುತ್ತಿದ್ದರು. ಮೇಸ್ತ್ರಿ ಅವರಿಗೆ ಕಾಫಿ ಮಾಡಿಸಿಕೊಂಡು ಬರಲು ಹೇಳುತ್ತಿದ್ದರು.

ಗೋಡೆ ಎದ್ದಿದೆ, ಮನೆ ಲಿಂಟಲ್ಲಿಗೆ ಬಂದಿದೆ. ಬಗೆಹರಿಯದ್ದು ಮೇಲಿನ ಚರಂಡಿ. ಗುಡ್ಡದ ನೀರು ಗೋಡೆಯ ಬೆನ್ನಿಗೆ ಬರುವ ಮೊದಲೇ ಅದನ್ನು ಬದಿಗೆ ತಿರುಗಿಸುವ ಒಂದು ತೋಡು ಬೇಕು. ಅದು ಹಾಯಬೇಕಾದದ್ದು ಮೇಲಿನವರ ಕಾಫಿ ತೋಟದ ಅಂಚಿನಲ್ಲಿ. ಮೇಲಿನವರು ಒಳ್ಳೆಯ ಜನ. ಬಂದವರಿಗೆಲ್ಲ ಕಾಫಿ ಕೊಡುತ್ತಾರೆ, ಕಿತ್ತಳೆ ಕೊಡುತ್ತಾರೆ, ತೋಡಿಗೆ ಜಾಗ ಒಂದನ್ನು ಬಿಟ್ಟು. ಐದು ಗಿಡ ಹೋಗುತ್ತವೆಂದು ಅವರು, ಎರಡೇ ಎಂದು ಭಾವನವರು, ಮೂರು ಎಂದು ಮೇಸ್ತ್ರಿ. ಮುಂದಿನ ಮಾತುಕತೆ ಹುತ್ತರಿ ಕಳೆದ ಮೇಲಂತೆ. ಅಷ್ಟರಲ್ಲಿ ಮೇಲಿನವರೂ ಒಂದು ಹೋಮ್‌ಸ್ಟೇ ಕಟ್ಟಿಸುವ ಯೋಚನೆಯಲ್ಲಿದ್ದಾರೆಂದು ಸುದ್ದಿ ಬಂದಿದೆ. ಭಾವನವರು ತಮ್ಮ ಮೇಸ್ತ್ರಿಯ ನಂಬರನ್ನು ಅವರಿಗೆ ಕಳಿಸಿದ್ದಾರೆ.