ವೆಬಿನಾರ್ ಮಹಾಶಯರಿಗೆ ಚಿಕ್ಕೋಡಿ ಸೀಮೆಯಿಂದ

ಕಾಲೇಜು ಗ್ರಂಥಪಾಲಕರ ಜ್ಞಾನವೃದ್ಧಿಗಾಗಿ ಹಗಲಿರುಳು ವೆಬಿನಾರ್ ನಡೆಸುತ್ತಿರುವ ಸಕಲ ಸಂಘಟಕರಿಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಪಾಟುಗಳ ಸಂದಿಯಿಂದ ಶರಣು ಶರಣಾರ್ಥಿ.

2020ರ ಲಾಕ್‌ಡೌನಿನಲ್ಲಿ ಕಾಲೇಜಿಗೆ ಬೀಗ ಬಿದ್ದಾಗ ನೀವು ನಮ್ಮ ಕೈ ಬಿಡಲಿಲ್ಲ. ಬೀಗ ತೆಗೆದ ಮೇಲೂ ಬಿಟ್ಟಿಲ್ಲ. ವಾಟ್ಸಾಪ್ ಗುಂಪಿಗೆ ಲಿಂಕು ಬೀಳುತ್ತದೆ, ನಾವು ಒತ್ತುತ್ತೇವೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸಂಪನ್ಮೂಲ ವ್ಯಕ್ತಿಗಳ ನಾಲ್ಕು ಪುಟದ ಪರಿಚಯ ಮುಗಿಯುವಷ್ಟರಲ್ಲಿ ಅರ್ಧ ತಾಸು. ಆಮೇಲೆ ಅವರು "ನನ್ನ ದನಿ ಕೇಳಿಸುತ್ತಿದೆಯೇ?" ಎನ್ನುತ್ತಾರೆ. "ಕೇಳಸಾಕತ್ತೈತ್ರೀ ಸರ" ಎಂದು ನಾವು ಮ್ಯೂಟಿನಲ್ಲೇ ಹೇಳುತ್ತೇವೆ. ಸಂವಾದ ಅಲ್ಲಿಗೆ ಮುಗಿಯಿತು. ಕೊನೆಯ ಹತ್ತು ನಿಮಿಷದಲ್ಲಿ ಹಾಜರಾತಿ ಏಕಾಏಕಿ ಏರುವುದನ್ನು ನೀವೂ ಕಂಡಿರುತ್ತೀರಿ. ಅದು ಜ್ಞಾನದಾಹವಲ್ಲ ಸ್ವಾಮಿ, ಫೀಡ್‌ಬ್ಯಾಕ್ ಫಾರ್ಮಿನ ಲಿಂಕು ಬರುವ ಹೊತ್ತು. ಫಾರ್ಮಿನಲ್ಲಿ ಎಲ್ಲರೂ 'ಅತ್ಯುತ್ತಮ' ಒತ್ತುತ್ತೇವೆ, ಸರ್ಟಿಫಿಕೇಟು ಮೇಲ್‌ಗೆ ಬರುತ್ತದೆ, ಒಮ್ಮೊಮ್ಮೆ ಹೆಸರು ಸರಿಯಾಗಿಯೂ ಇರುತ್ತದೆ.

ಈ ಸರ್ಟಿಫಿಕೇಟಿನಿಂದ ಬಡ್ತಿ ಸಿಗುತ್ತದೆಯೇ ಎಂದು ಮನೆಯವರು ಕೇಳುವುದುಂಟು. ಯುಜಿಸಿಯ 2018ರ ನಿಯಮಾವಳಿ ಗ್ರಂಥಪಾಲಕರ ಬಡ್ತಿಗೆ ಕೇಳುವುದು ದಿನಗಟ್ಟಲೆ, ವಾರಗಟ್ಟಲೆ ನಡೆಯುವ ತರಬೇತಿಯನ್ನು. ನಿಮ್ಮ ಒಂದು ತಾಸಿನ ಬಣ್ಣದ ಹಾಳೆ ಹೋಗುವುದು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಫೈಲಿಗೆ. ನಿಮ್ಮ ಫೈಲಿನಲ್ಲಿ 'ಸಂಘಟಿಸಿದ್ದು', ನಮ್ಮ ಫೈಲಿನಲ್ಲಿ 'ಪಾಲ್ಗೊಂಡದ್ದು'. ಒಂದೇ ತಾಸು ಎರಡು ಖಾತೆಗೆ ಜಮೆ. ಇಂಥ ವ್ಯವಹಾರ ನಮ್ಮ ಸಹಕಾರಿ ಸೊಸೈಟಿಗಳಿಗೂ ಹೊಳೆದಿಲ್ಲ.

ಆಗಸ್ಟ್ 12ರ ಸಂಭ್ರಮವನ್ನಂತೂ ಹೇಳಲೇಬೇಕು. ಅಂದು ಎಸ್.ಆರ್. ರಂಗನಾಥನ್ ಅವರ ಹೆಸರಿನ ಗ್ರಂಥಪಾಲಕರ ದಿನ. ಅವರು ಗ್ರಂಥಾಲಯಕ್ಕೆ ಐದು ಸೂತ್ರ ಬರೆದದ್ದು 1931ರಲ್ಲಿ, ಬೆಂಗಳೂರಿಗೆ ಬಂದು ದಾಖಲೆ ಸಂಶೋಧನೆ, ತರಬೇತಿಯ ಕೇಂದ್ರವಾದ ಡಿಆರ್‌ಟಿಸಿ ಕಟ್ಟಿದ್ದು 1962ರಲ್ಲಿ. ನಾಲ್ಕನೆಯ ಸೂತ್ರ: ಓದುಗರ ಸಮಯ ಉಳಿಸಿ. ಆ ಸೂತ್ರದ ಮೇಲೆ ನಿಮ್ಮ ಉಪನ್ಯಾಸ ನಡೆದಿರುವಾಗ ನಮ್ಮ ಕೌಂಟರಿನಲ್ಲಿ ಒಬ್ಬ ಹುಡುಗ ಪಿಎಸ್‌ಐ ಪರೀಕ್ಷೆಯ ಪುಸ್ತಕ ಕೇಳುತ್ತ ನಿಂತಿರುತ್ತಾನೆ. "ತಡಿಯೋ, ವೆಬಿನಾರ್ ನಡದೈತಿ" ಎಂದು ಕೈ ತೋರಿಸುತ್ತೇವೆ. ಅವನ ಬಸ್ಸು ಹೋಗುತ್ತದೆ.

ವಿಷಯಗಳ ಆಯ್ಕೆಯಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಗ್ರಂಥಾಲಯದಲ್ಲಿ ಕೃತಕ ಬುದ್ಧಿಮತ್ತೆ, ಗ್ರಂಥಾಲಯದಲ್ಲಿ ಬ್ಲಾಕ್‌ಚೈನ್, ಗ್ರಂಥಾಲಯದಲ್ಲಿ ಮೆಟಾವರ್ಸ್. ನಮ್ಮ ತಕರಾರು ಅಷ್ಟು ದೊಡ್ಡದಲ್ಲ. ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಶಂ.ಬಾ. ಜೋಶಿಯವರು ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಎಸ್.ಬಿ. ಜೋಶಿ, ಒಮ್ಮೆ ಶಂಬಾ ಜೋಶಿ, ಇನ್ನೊಮ್ಮೆ ಜೋಷಿ ಶಂ.ಬಾ. ಆಗಿ ಕಂಪ್ಯೂಟರ್ ಹೊಕ್ಕರೆ, ಒಬ್ಬರೇ ಲೇಖಕರು ಮೂವರಾಗುತ್ತಾರೆ. ಹುಡುಕಿದವನಿಗೆ ಒಬ್ಬರೂ ಸಿಗುವುದಿಲ್ಲ. ನಿಪ್ಪಾಣಿ ಕಡೆ ಇದರ ಜೊತೆಗೆ ಮರಾಠಿ ಪುಸ್ತಕಗಳ ತೊಡಕು. ಗ್ರಂಥಾಲಯದ ಕೋಹಾ ತಂತ್ರಾಂಶದಲ್ಲಿ ಕನ್ನಡ, ದೇವನಾಗರಿ ಎರಡನ್ನೂ ನೇರವಾಗಿ ಬರೆಯಬಹುದು. ಹೇಗೆಂದು ಪಕ್ಕದಲ್ಲಿ ಕೂತು ತೋರಿಸುವವರು ಬೇಕು. ಸ್ಲೈಡಿನಲ್ಲಿ ಓಡುವ ಬಾಣದ ಗುರುತು ನೋಡಿ ಇದು ಬರುವ ವಿದ್ಯೆಯಲ್ಲ.

ಇನ್ನೊಂದು ತಕರಾರು ಹೊಳೆಯದು. 2019ರ ಆಗಸ್ಟಿನಲ್ಲಿ, 2021ರ ಜುಲೈನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಊರೊಳಗೆ ಬಂದವು. ಒದ್ದೆಯಾದ ಪುಸ್ತಕಕ್ಕೆ ಎರಡು ದಿನದೊಳಗೆ ಬೂಷ್ಟು ಹತ್ತಲು ಶುರುವಾಗುತ್ತದೆ. ನುಣುಪು ಕಾಗದದ ಪುಟಗಳು ಒಣಗಿದವೆಂದರೆ ಅಂಟಿಕೊಂಡು ಹಲಗೆಯಾಗುತ್ತವೆ. 1966ರ ನವೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ದೇಶವಿದೇಶದ ಹುಡುಗ ಹುಡುಗಿಯರು ಕೆಸರಿಗಿಳಿದು ಪುಸ್ತಕ ಎತ್ತಿದರು. ಹಸಿ ಪುಸ್ತಕ ಉಳಿಸುವ ವಿದ್ಯೆಯನ್ನು ಜಗತ್ತು ಬಹುಮಟ್ಟಿಗೆ ಕಲಿತದ್ದು ಅಲ್ಲಿ. ಈಗ ಹಸಿ ಪುಸ್ತಕವನ್ನು ಹೆಪ್ಪುಗಟ್ಟಿಸಿ ಇಟ್ಟು, ನಿಧಾನಕ್ಕೆ ಒಣಗಿಸುವ ಪದ್ಧತಿಯಿದೆ. ದ್ರಾಕ್ಷಿ ಬೆಳೆಯುವ ಅಥಣಿ ಕಡೆ ಒಂದು ಕೋಲ್ಡ್ ಸ್ಟೋರೇಜಿನವರನ್ನು ಕೇಳಿದರೆ ಆ ಎರಡು ದಿನ ದಾಟಿಸಬಹುದೇ? ಅಷ್ಟು ತಂಪು ಸಾಲುತ್ತದೆಯೇ? ಈ ಪ್ರಶ್ನೆಯನ್ನು ಚಾಟ್ ಬಾಕ್ಸಿನಲ್ಲಿ ಹಾಕಬಹುದಿತ್ತು. ಆದರೆ ಅಲ್ಲಿ ಮೊದಲೇ ನೂರಾರು 'ಗುಡ್ ಮಾರ್ನಿಂಗ್ ಸರ್' ತುಂಬಿರುತ್ತವೆ.

ಹೀಗಾಗಿ ಬಿನ್ನಹ ಇಷ್ಟೇ. ಮುಂದಿನ ಲಿಂಕು ಕಳಿಸಬೇಡಿ. ಕೋಹಾ ಬಲ್ಲ ಒಬ್ಬರನ್ನು, ಒದ್ದೆ ಪುಸ್ತಕ ಮುಟ್ಟಿ ಗೊತ್ತಿರುವ ಒಬ್ಬರನ್ನು ಕಳಿಸಿ. ಐದೂ ತಾಲೂಕಿನವರು ಒಂದು ಕಡೆ ಸೇರುತ್ತೇವೆ. ರೊಟ್ಟಿ, ಝುಣಕದ ಊಟ ನಮ್ಮದು. ಸರ್ಟಿಫಿಕೇಟು ಬೇಡ. ಬರುವುದಿದ್ದರೆ ಜೂನ್ ಒಳಗೆ ಬರ್ರಿ, ಆಮೇಲೆ ಹೊಳೆ ಬರುತ್ತದೆ.

ಇಂತಿ,
ಗಡಿ ತಾಲೂಕಿನ ಒಬ್ಬ ಕಾಲೇಜು ಗ್ರಂಥಪಾಲಕ