ಎಷ್ಟಾತ್ರೀ ಡ್ಯಾಂ?

ಜೂನ್ ಕಳೆದರೆ ಸಾಕು, ತುಂಗಭದ್ರಾ ಅಣೆಕಟ್ಟಿನ ಮಗ್ಗುಲಿನ ನಮ್ಮ ಟಿ.ಬಿ. ಡ್ಯಾಂ ಊರಿನಲ್ಲಿ "ಹೆಂಗದೀರಿ?" ಎಂದು ಕೇಳುವವರೇ ಇಲ್ಲ. ಹಾಲು ಹಾಕುವವನಿಂದ ಹಿಡಿದು ಕಾಂಪೌಂಡಿನ ಆಚೆ ಬಟ್ಟೆ ಹರವುವ ಪಕ್ಕದ ಮನೆಯ ಅಕ್ಕನವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟಾತ್ರೀ ಡ್ಯಾಂ?" ಗರಿಷ್ಠ ಮಟ್ಟ 1633 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್ ಅಂತ ಪೇಪರಿನ ಮೂಲೆಯಲ್ಲಿ ಚಿಕ್ಕ ಚೌಕ ಬರುತ್ತದಲ್ಲ, ರಾಶಿಭವಿಷ್ಯಕ್ಕಿಂತ ಮೊದಲು ಕಣ್ಣು ಅಲ್ಲಿಗೇ. ಮಜಾ ಏನೆಂದರೆ, ನಮ್ಮ ಸಾಲಿನಲ್ಲಿ ಯಾರಿಗೂ ಗೇಣು ಗದ್ದೆಯಿಲ್ಲ. ಭತ್ತ ಬೆಳೆಯುವವರು ಗಂಗಾವತಿ, ಸಿರುಗುಪ್ಪ, ಸಿಂಧನೂರಿನವರು. ನಿದ್ದೆಗೆಡುವವರು ನಾವು!

ನಮ್ಮ ತಲೆಯ ಮೇಲಿನ ಮೋಡಕ್ಕೂ ಇಲ್ಲಿ ಕಿಮ್ಮತ್ತಿಲ್ಲ. ಡ್ಯಾಂ ತುಂಬಲು ಸುರಿಯಬೇಕಾದದ್ದು ಆಗುಂಬೆ, ತೀರ್ಥಹಳ್ಳಿಯ ಕಡೆ. ಹಾಗಾಗಿ ಶಿವಮೊಗ್ಗದ ಬೀಗರಿಗೆ ಫೋನು ಹಚ್ಚಿದರೆ ಮೊಮ್ಮಗುವಿನ ಜ್ವರ ಕೇಳುವ ಮೊದಲೇ "ಗಾಜನೂರು ಡ್ಯಾಂ ಗೇಟು ತೆಗದಾರೇನ್ರಿ?"

ಮೊನ್ನೆ ಅಕ್ಕ ಗೋಡೆಗೆ ಮೊಣಕೈ ಊರಿ ಅಂದರು: "ನಮ್ಮನಿಯವರಿಗೆ ಡ್ಯಾಂ ಮಟ್ಟ ಪಾಯಿಂಟ್ ಸಮೇತ ಬಾಯಿಪಾಠ. ಶುಗರ್ ಎಷ್ಟೈತಿ ಅಂತ ಕೇಳ್ರಿ ನೋಡೂಣು. ರಿಪೋರ್ಟ್ ತಂದು ಅಲ್ಮೇರಿಯಾಗ ಇಟ್ಟಾರ, ಕವರ್ ಸುದ್ದಾ ಒಡದಿಲ್ಲ."

ಇಬ್ಬರೂ ನಕ್ಕೆವು. ಆದರೆ ಅಕ್ಕನ ಯಜಮಾನರಾದ ಅಣ್ಣನವರ ಸಂಕಟ ನನಗೆ ಅರ್ಥವಾಗುತ್ತದೆ. ಡ್ಯಾಂನ ಚಿಂತೆ ಊರ ಮಂದಿಯದು. ಅದನ್ನು ಕಟ್ಟೆಯ ಮೇಲೆ ಕೂತು ಜೋರಾಗಿ ಆಡಬಹುದು, ಮರ್ಯಾದೆಗೆ ಕುಂದಿಲ್ಲ. ಮಗನಿಗೆ ಕೆಲಸ ಸಿಕ್ಕಿಲ್ಲ, ಮಗಳಿಗೆ ಗಂಡು ಕೂಡಿಬಂದಿಲ್ಲ ಅನ್ನುವುದು ಗೋಡೆ ದಾಟಿ ಆಚೆ ಹೋಗುವ ಮಾತಲ್ಲ. ಎದೆ ಭಾರ ಮಾತ್ರ ಹಗುರಾಗಬೇಕು. "ಇನ್ನೂ ಆರಡಿ ಬೇಕ್ರೀ" ಎಂದು ನಿಟ್ಟುಸಿರು ಬಿಡುವವರನ್ನು ಕಂಡಾಗಲೆಲ್ಲ, ಇದರಲ್ಲಿ ಡ್ಯಾಂನ ಪಾಲು ಎಷ್ಟು, ಮನೆಯ ಪಾಲು ಎಷ್ಟು ಅಂತ ನನಗೆ ಗುಮಾನಿ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ ಈ ಊರಿನ ಮನಸ್ಸು ಪೂರ್ತಿ ಬಯಲಿಗೆ ಬಂತು. ಆ ಒಂದರ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ನೀರು ಬಿಟ್ಟರೆ ಹಂಪಿಯ ಪುರಂದರ ಮಂಟಪಕ್ಕೆ ನೀರು ಸುತ್ತುತ್ತದೆ, ಕಂಪ್ಲಿಯವರಿಗೆ ಸೇತುವೆಯ ಚಿಂತೆ. ಬಿಡದಿದ್ದರೆ ಡ್ಯಾಂನದೇ ಚಿಂತೆ. ಅಂಥ ಹೊತ್ತಲ್ಲೂ ಜನ ಹೆಂಡಿರು ಮಕ್ಕಳನ್ನು ಕರಕೊಂಡು ನೋಡಲು ಬಂದರು. ಹೆದರಿಕೆಯೂ ನಿಜ, ಒಗ್ಗರಣಿ-ಮಿರ್ಚಿಯೂ ನಿಜ. ಸೈಕಲ್ ಚೈನು ಹಾಕಲು ಬಾರದವರೂ ಕ್ರೆಸ್ಟ್ ಗೇಟಿನ ಚೈನಿನ ಮೇಲೆ ಭಾಷಣ ಮಾಡಿದರು. ನಾನೇನು ಸುಮ್ಮನಿದ್ದೆನೆ? ಕೊನೆಗೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ, ಒಂದರ ಮೇಲೊಂದು ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಆದರೂ 33 ಗೇಟುಗಳಲ್ಲಿ ನಮಗೆ ನಂಬರು ಹೇಳಿ ಗುರುತಿರುವುದು ಆ 19ನೇದೊಂದೇ. ಆ ರಾತ್ರಿ ಪಕ್ಕದಲ್ಲೇ ಗಟ್ಟಿಯಾಗಿ ನಿಂತವುಗಳನ್ನು ಯಾರೂ ಕೇಳಿದವರಿಲ್ಲ. ಮನೆಗಳಲ್ಲೂ ಹೀಗೇ ತಾನೆ. ಓಡಿಹೋದ ಮಗನ ಸುದ್ದಿ ಊರೆಲ್ಲ, ಅಪ್ಪ ಅವ್ವನನ್ನು ಸಾಕುತ್ತಿರುವವನ ಹೆಸರು ನೆನಪಿಗೇ ಬರುವುದಿಲ್ಲ.

ಮರುವರ್ಷ ಗೇಟುಗಳ ಸ್ಥಿತಿ ನೋಡಿ ನೀರನ್ನು 80 ಟಿಎಂಸಿಗೇ ನಿಲ್ಲಿಸಿದರು. ಅಣ್ಣನವರಿಗೆ ಅವಮಾನವಾದಷ್ಟು ಸಿಟ್ಟು. "ಕಟ್ಟಿದಾಗ 133 ಹಿಡೀತಿತ್ತು. ಹೂಳು ತುಂಬಿ 105ಕ್ಕ ಬಂತು. ಈಗ 80 ಸಾಕು ಅಂದ್ರ ಹೆಂಗ?" ಒಳಗಿನಿಂದ ಅಕ್ಕನ ದನಿ: "ವಯಸ್ಸಾದ ಮ್ಯಾಲೆ ಪಥ್ಯ ಮಾಡಬೇಕ್ರಿ, ಯಾರಾದ್ರೂ!" ಅಣ್ಣನವರು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು.

ಆ ಮನೆಯಲ್ಲಿ ಮಟ್ಟ ಎಷ್ಟೆಂದು ಕೇಳದವರು ಒಬ್ಬರೇ, ಅಕ್ಕನ ಅತ್ತೆ. ಅವರದು ನಾರಾಯಣದೇವರಕೆರೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತ ಈ ಡ್ಯಾಂನ ಹೊಟ್ಟೆಯೊಳಗೆ ಹೋದ ಊರುಗಳಲ್ಲಿ ಅದೂ ಒಂದು. ಅಲ್ಲಿಯವರು ಎದ್ದು ಬಂದು ನೆಲೆ ನಿಂತದ್ದು ಮರಿಯಮ್ಮನಹಳ್ಳಿಯಲ್ಲಿ. ನಾವು ತುಂಬಿತು ತುಂಬಿತು ಅಂತ ಕುಣಿಯುವಾಗ ಅಜ್ಜಿಯ ಲೆಕ್ಕವೇ ಬೇರೆ: "ಈಗ ಅಗಸಿ ಮುಳುಗಿರ್ತೈತಿ. ಈಗ ನಮ್ಮ ಹಿತ್ತಲ." ನಮಗೆ ಏರುವ ಅಡಿ ಅವರಿಗೆ ಮನೆಯೊಳಗೆ ಬರುವ ನೀರು. ಇಂಥವರ ಎದುರು ಹಿಗ್ಗಬೇಕೋ ಬೇಡವೋ ಅಂತ ನಾನು ಹೊಯ್ದಾಡುತ್ತೇನೆ. ಒಮ್ಮೆ ತಡೆಯಲಾರದೆ ಕೇಳಿಯೂ ಬಿಟ್ಟೆ: ಡ್ಯಾಂ ತುಂಬಿದರೆ ನಿಮಗೆ ಬೇಜಾರು ಆಗಲ್ಲೇನು ಅಜ್ಜಿ?

ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚುತ್ತ ನನ್ನನ್ನೇ ಒಂದು ಗಳಿಗೆ ನೋಡಿದರು. "ಆಗ್ತೈತಿ. ಆಗದ ಏನು? ಆದ್ರ ತುಂಬಲಿಲ್ಲಂದ್ರ ಅಕ್ಕಿ ನಿಮ್ಮಪ್ಪ ತರ್ತಾನೇನು? ಬಾಗಿನ ಬಿಟ್ಟ ದಿನ ಹೋಳಿಗಿ ಮಾಡ್ತೀರಲ್ಲ, ನನಗೂ ಎರಡು ಕಳಸು. ಹೋದ ವರ್ಷ ತುಪ್ಪ ಕಮ್ಮಿ ಹಾಕಿದ್ದಿ."